ಹಸಿವಿಲ್ಲ ಅಂತ ಕೂರಬೇಡಿ, ಗಡಿಯಾರ ನೋಡಿ ಕುಡಿಯಿರಿ

ಪ್ರಶ್ನೆ: ನನಗೆ 38 ವರ್ಷ, ಗಂಗಾವತಿ ಹತ್ತಿರದ ಊರು. ತೂಕ ಇಳಿಸಲು ಸ್ಲೀವ್ ಆಪರೇಷನ್ ಆಗಿ 12 ದಿನ ಆಯಿತು. ಹಸಿವೇ ಆಗುತ್ತಿಲ್ಲ. ಶಕ್ತಿ ಬರಲಿ ಎಂದು ಅತ್ತೆಯವರು ಅನ್ನದ ಗಂಜಿ, ಜೋಳದ ಅಂಬಲಿ ಕೊಡುತ್ತಾರೆ. ಎರಡು ಗುಟುಕು ಹೆಚ್ಚಾದರೆ ಎದೆ ಹಿಡಿದಂತಾಗಿ ವಾಂತಿಯಾಗುತ್ತದೆ. ಮೂತ್ರ ಗಾಢ ಹಳದಿ. ರೊಟ್ಟಿ ಯಾವಾಗ ತಿನ್ನಬಹುದು?

ಉತ್ತರ: ರೊಟ್ಟಿ ಆಮೇಲೆ, ಮೊದಲು ಮೂತ್ರದ ಬಣ್ಣ. ಅದು ಗಾಢವಾಗಿದ್ದರೆ ಮೈಗೆ ನೀರು ಸಾಲುತ್ತಿಲ್ಲ. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಪಾಲು ಕತ್ತರಿಸಿ ತೆಗೆಯುತ್ತಾರೆ. ಉಳಿದ ಕೊಳವೆ ಹಿಡಿಯುವುದು 100ರಿಂದ 150 ಮಿ.ಲೀ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ತಯಾರಾಗುತ್ತಿದ್ದದ್ದೂ ತೆಗೆದ ಭಾಗದಲ್ಲೇ. ಹೀಗಾಗಿ ಹಸಿವಿಗೆ, ಬಾಯಾರಿಕೆಗೆ ಕಾಯುತ್ತ ಕುಳಿತರೆ ದಿನವೇ ಮುಗಿಯುತ್ತದೆ.

ಕಾಲು ಗಂಟೆಗೊಮ್ಮೆ 30 ಮಿ.ಲೀ. ನೀರನ್ನು ಒಂದೇ ಸಲ ನುಂಗದೆ ಗುಟುಕಿಸಿ. ಎಚ್ಚರವಿರುವ 14 ಗಂಟೆಯಲ್ಲಿ ಇದೇ ಒಂದೂವರೆ ಲೀಟರ್ ದಾಟುತ್ತದೆ. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಿಗೆ ಎರಡು ಲೀಟರ್ ಬೇಕು. ಖಾರ ಹಾಕದ ತಿಳಿ ಮಜ್ಜಿಗೆ, ಸೋಸಿದ ಬೇಳೆಕಟ್ಟು ಆಗಬಹುದು. ಸೋಡಾ ಬೇಡ, ಗಾಳಿ ತುಂಬಿ ನೋವಾಗುತ್ತದೆ. ಕಬ್ಬಿನ ಹಾಲೂ ಬೇಡ.

ಅತ್ತೆಯವರ ಗಂಜಿ ತಪ್ಪಲ್ಲ, ಆದರೆ ಅದರಲ್ಲಿರುವುದು ಬಹುಪಾಲು ಪಿಷ್ಟ. ಇದ್ದ ಚಿಕ್ಕ ಜಾಗವನ್ನು ಅದೇ ತುಂಬಿದರೆ ಗಾಯ ಮಾಯಲು ಬೇಕಾದ ಪ್ರೋಟೀನಿಗೆ ಜಾಗವಿಲ್ಲ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. 200 ಮಿ.ಲೀ. ಹಾಲಿನಲ್ಲಿ ಸಿಗುವುದು ಆರು ಗ್ರಾಂ, ಒಂದು ಮೊಟ್ಟೆಯಲ್ಲೂ ಅಷ್ಟೇ. ಸದ್ಯಕ್ಕೆ ವೈದ್ಯರು ಹೇಳಿದ ಪ್ರೋಟೀನ್ ಪುಡಿಯನ್ನು ಕೆನೆ ತೆಗೆದ ಹಾಲಿಗೆ ಕಲಸಿ ಕುಡಿಯದೆ ಲೆಕ್ಕ ಕೂಡುವುದಿಲ್ಲ.

ಸಾಮಾನ್ಯವಾಗಿ ಎರಡು ವಾರ ಬರೀ ದ್ರವ. ಮೂರು, ನಾಲ್ಕನೇ ವಾರ ನುಣ್ಣಗೆ ರುಬ್ಬಿದ್ದು: ಹೆಸರುಬೇಳೆ, ಮೊಸರು, ಮಸೆದ ಮೊಟ್ಟೆ, ಪನೀರ್. ನಂತರ ಎರಡು ವಾರ ಮೆತ್ತನೆಯದು. ರೊಟ್ಟಿ ಆರರಿಂದ ಎಂಟು ವಾರ ಕಳೆದ ಮೇಲೆ, ಅದೂ ಬಿಸಿ ರೊಟ್ಟಿಯ ಕಾಲು ಭಾಗ, ಬೇಳೆಯಲ್ಲಿ ನೆನೆಸಿ, ಪ್ರತಿ ತುತ್ತನ್ನೂ ನುಣ್ಣಗಾಗುವಷ್ಟು ಜಗಿದು. ಕಡಕ್ ರೊಟ್ಟಿಗೆ ಇನ್ನೂ ತಡೆಯಿರಿ. ಮೆತ್ತಗಿದೆ ಎಂದು ಬ್ರೆಡ್ ನಂಬಬೇಡಿ, ಉಂಡೆಕಟ್ಟಿ ಸಿಕ್ಕಿಕೊಳ್ಳುವುದರಲ್ಲಿ ಅದೇ ಮುಂದು. ಊಟದ ಜೊತೆ ನೀರು ಬೇಡ, ಉಂಡು ಅರ್ಧ ಗಂಟೆಯಾಗಲಿ.

ವಾಂತಿಗೆ ಹೆಚ್ಚಾಗಿ ಅವಸರವೇ ಕಾರಣ. ಆದರೆ ಒಂದು ದಿನ ಪೂರ್ತಿ ನೀರೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಲೇಬೇಕು. ಹತ್ತಿರದ ಕ್ಲಿನಿಕ್‌ನಲ್ಲಿ 'ಒಂದು ಗ್ಲೂಕೋಸ್ ಹಾಕಿಸಿಕೊಂಡು ಬರೋಣ' ಎನ್ನುವುದು ನಮ್ಮಲ್ಲಿ ರೂಢಿ. ನಿಮ್ಮ ವಿಷಯದಲ್ಲಿ ಅದು ಅಪಾಯ. ವಾಂತಿ ಮುಂದುವರಿದರೆ ವಿಟಮಿನ್ ಬಿ1 ಅಂದರೆ ಥಯಾಮಿನ್ ಕೆಲವೇ ವಾರಗಳಲ್ಲಿ ಬರಿದಾಗುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟಾಗಬಹುದು. 'ಜಠರದ ಆಪರೇಷನ್ ಆಗಿದೆ, ಮೊದಲು ಥಯಾಮಿನ್ ಕೊಡಿ' ಎಂದು ನೀವೇ ಹೇಳಿ. ಡಿಸ್ಚಾರ್ಜ್ ಕಾಗದದ ಫೋಟೊ ಮೊಬೈಲಿನಲ್ಲಿರಲಿ.

ನಾಡಿ 120 ದಾಟಿದರೆ, ಜ್ವರ, ಹೊಟ್ಟೆಯಲ್ಲಿ ಹೆಚ್ಚುತ್ತಿರುವ ನೋವು, ಎಡ ಭುಜದ ನೋವು, ಏದುಸಿರು ಕಂಡರೆ ಹೊಲಿಗೆ ಸೋರುತ್ತಿರಬಹುದು. ಒಂದು ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಎರಡರಲ್ಲೂ ಬೆಳಗಾಗಲಿ ಎಂದು ಕಾಯಬೇಡಿ.

ಪ್ರಶ್ನೆ: ರಾಯಚೂರಿನವಳು. ತೂಕ ಇಳಿಸಲು ಬೈಪಾಸ್ (ಜಠರವನ್ನು ಚಿಕ್ಕದು ಮಾಡಿ ಕರುಳಿಗೆ ಜೋಡಿಸುವ ಆಪರೇಷನ್) ಆಗಿ 5 ತಿಂಗಳು, 24 ಕೆ.ಜಿ. ಇಳಿದಿದ್ದೇನೆ. ಕೂದಲು ಹಿಡಿಹಿಡಿಯಾಗಿ ಬರುತ್ತಿದೆ, ಪಾದ ಜುಮ್ಮೆನ್ನುತ್ತವೆ. ಆರಾಮ ಇದ್ದೇನೆಂದು ಎರಡು ತಿಂಗಳಿಂದ ವಿಟಮಿನ್ ಗುಳಿಗೆ ಬಿಟ್ಟಿದ್ದೇನೆ.

ಉತ್ತರ: ಕೂದಲಿನದು ಅಂಜುವ ವಿಷಯವಲ್ಲ. ತೂಕ ದಿಢೀರನೆ ಇಳಿದಾಗ ಕೂದಲ ಬುಡಗಳು ಒಟ್ಟಿಗೆ ವಿಶ್ರಾಂತಿಗೆ ಹೋಗುತ್ತವೆ, ಮೂರರಿಂದ ಆರನೇ ತಿಂಗಳಲ್ಲಿ ಉದುರುತ್ತವೆ, ಬಹುತೇಕ ಮತ್ತೆ ಬರುತ್ತವೆ. ಪ್ರೋಟೀನ್, ಕಬ್ಬಿಣ ಸಾಕಷ್ಟಿರಲಿ. ಎಣ್ಣೆ ಬದಲಿಸಿ ಪ್ರಯೋಜನವಿಲ್ಲ.

ಪಾದದ ಜುಮ್ಮು ಹಾಗಲ್ಲ. ಈ ವಾರವೇ ಬಿ12 ಮತ್ತಿತರ ರಕ್ತಪರೀಕ್ಷೆ ಮಾಡಿಸಿ, ತಡವಾದರೆ ನರದ ಹಾನಿ ಉಳಿದುಬಿಡಬಹುದು. ಬೈಪಾಸ್ ಆದವರಿಗೆ ಗುಳಿಗೆ ಜೀವನಪೂರ್ತಿ. ಬಿ12 ದಿನಕ್ಕೆ 350ರಿಂದ 1000 ಮೈಕ್ರೋಗ್ರಾಂ, ಇಲ್ಲವೇ ತಿಂಗಳಿಗೊಂದು 1000 ಮೈಕ್ರೋಗ್ರಾಂ ಇಂಜೆಕ್ಷನ್. ಕ್ಯಾಲ್ಸಿಯಂ ದಿನಕ್ಕೆ 1200ರಿಂದ 1500 ಮಿ.ಗ್ರಾಂ, ಒಮ್ಮೆಗೆ 500ಕ್ಕಿಂತ ಹೆಚ್ಚು ಬೇಡ. ಚೀಟಿಯಲ್ಲಿ ಸಿಟ್ರೇಟ್ ಎಂದಿರಲಿ. ಕಾರ್ಬೊನೇಟ್ ಹೀರಿಕೊಳ್ಳಲು ಆಮ್ಲ ಬೇಕು, ನಿಮ್ಮ ಹೊಸ ಜಠರದಲ್ಲಿ ಅದು ಕಡಿಮೆ. ಕಬ್ಬಿಣದ ಗುಳಿಗೆಯನ್ನು ಕ್ಯಾಲ್ಸಿಯಂನಿಂದ ಎರಡು ಗಂಟೆ ದೂರವಿಡಿ, ಚಹಾದ ಜೊತೆಗಂತೂ ಬೇಡ. ಗರ್ಭಧಾರಣೆಯ ಯೋಚನೆ ಇದ್ದರೆ ಆಪರೇಷನ್‌ನಿಂದ 12ರಿಂದ 18 ತಿಂಗಳು ಮುಂದೂಡಿ.

ಪ್ರಶ್ನೆ: ಸಿರುಗುಪ್ಪದ ರೈತ, ಬೈಪಾಸ್ ಆಗಿ ಆರು ವಾರ. ಭತ್ತದ ಚೀಲ ಎತ್ತಬಹುದೇ? ಮೊಣಕಾಲು ನೋವಿಗೆ ಹಳೆಯ ಗುಳಿಗೆ ನುಂಗಬಹುದೇ?

ಉತ್ತರ: ಚೀಲ ಸದ್ಯಕ್ಕಿಲ್ಲ. ಸಣ್ಣ ತೂಕದಿಂದ ಶುರುಮಾಡಿ, ಭತ್ತದ ಚೀಲಕ್ಕೆ ಸರ್ಜನ್ ಒಪ್ಪಿಗೆ ಪಡೆಯಿರಿ. ಅವಸರ ಮಾಡಿದರೆ ಗಾಯದ ಜಾಗದಲ್ಲಿ ಹರ್ನಿಯಾ ಆದೀತು. ನಡಿಗೆಗೆ ಅಡ್ಡಿಯಿಲ್ಲ.

ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್ ಇನ್ನು ಮುಂದೆ ನಿಮಗಲ್ಲ. ಜಠರ, ಕರುಳು ಜೋಡಿಸಿದ ಕಡೆ ಹುಣ್ಣಾಗಿ ರಕ್ತ ಸೋರಬಹುದು, ಗುಟ್ಕಾ ಬೀಡಿ ಇದ್ದರಂತೂ ಇನ್ನೂ ಬೇಗ. ವೈದ್ಯರು ಹೇಳಿದ ಅಳತೆಯಲ್ಲಿ ಪ್ಯಾರಾಸಿಟಮಾಲ್ ಸಾಕು. ಮೆಡಿಕಲ್ ಅಂಗಡಿಯಲ್ಲಿ ಬರೀ 'ನೋವಿನ ಗುಳಿಗೆ' ಎಂದು ಕೇಳಬೇಡಿ. ಎರಡು ಔಷಧ ಬೆರೆಸಿದ ಗುಳಿಗೆಗಳಲ್ಲಿ ಪ್ಯಾರಾಸಿಟಮಾಲ್ ಪಕ್ಕದಲ್ಲೇ ಅಸಿಕ್ಲೋಫೆನಾಕ್ ಕೂತಿರುತ್ತದೆ, ಹಾಳೆ ತಿರುಗಿಸಿ ಓದಿಸಿಕೊಳ್ಳಿ.