ಜಪಾನ್‌ಗೆ ಹೋದಾಗ ಅನಿಮೆ (ಜಪಾನಿನ ಕಾರ್ಟೂನ್) ಡಿಸ್ಕ್, ವಿಡಿಯೊ ಗೇಮ್ ತಂದರೆ ನಮ್ಮಲ್ಲಿ ಓಡುತ್ತವೆಯೇ?

ಗೇಮ್ ಧಾರಾಳವಾಗಿ ತನ್ನಿ. ಡಿಸ್ಕ್ ಮಾತ್ರ ನೋಡಿಕೊಂಡು ಕೊಳ್ಳಿ.

ಯಾವ ಡಿಸ್ಕ್ ಎಲ್ಲಿ ಓಡಬೇಕು ಅಂತ ಜಗತ್ತನ್ನು ವಲಯಗಳಾಗಿ ಹಂಚಿದ್ದಾರೆ. ಬ್ಲೂ-ರೇಗೆ ಜಪಾನ್ ‘ಎ’ ವಲಯ, ಭಾರತ ‘ಸಿ’ ವಲಯ. ಡಿವಿಡಿಯಲ್ಲಿ ಅವರದು 2, ನಮ್ಮದು 5. ಹಾಗಾಗಿ ಇಲ್ಲಿನ ಪ್ಲೇಯರ್ ‘ಈ ಡಿಸ್ಕ್ ಆಗಲ್ಲ’ ಅಂತ ಕೈ ಎತ್ತಬಹುದು. ಪೆಟ್ಟಿಗೆಯ ಹಿಂಬದಿಯಲ್ಲಿ ಪುಟ್ಟ ಗುರುತೊಂದಿರುತ್ತದೆ: ಬ್ಲೂ-ರೇಗೆ ಅಕ್ಷರ, ಡಿವಿಡಿಗೆ ಭೂಗೋಳದ ಚಿತ್ರದೊಳಗೆ ಅಂಕಿ. ಅದನ್ನು ನೋಡದೆ ದುಡ್ಡು ಕೊಡಬೇಡಿ. ಇನ್ನೊಂದು ತೊಡಕು, ಅಲ್ಲಿನ ಹೆಚ್ಚಿನ ಅನಿಮೆ ಡಿಸ್ಕ್‌ಗಳಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಇರುವುದಿಲ್ಲ. ಬೆಲೆಯೂ ಜಾಸ್ತಿ; ಎರಡು-ಮೂರು ಕಂತಿನ ಒಂದು ಹೊಸ ಡಿಸ್ಕಿಗೇ ಹಲವು ಸಾವಿರ ಯೆನ್. ಜಪಾನೀಸ್ ಬಾರದವರಿಗೆ ಅದು ಸುಮ್ನೆ ಶೋಕೇಸ್ ಸಾಮಾನು, ಅಲ್ವಾ?

ನಿಂಟೆಂಡೊ ಸ್ವಿಚ್, ಪಿಎಸ್4, ಪಿಎಸ್5 (ಪ್ಲೇಸ್ಟೇಷನ್) ಯಂತ್ರಗಳ ಆಟಗಳಿಗೆ ವಲಯದ ಬೀಗವಿಲ್ಲ. ಹಳೆಯ ಗೇಮ್ ಬಾಯ್‌ಗೂ ಇಲ್ಲ. ನಿಂಟೆಂಡೊದ ಕೈಯಲ್ಲಿ ಹಿಡಿದಾಡುವ 3ಡಿಎಸ್‌ಗೆ ಇದೆ, ಅದರ ಕಾರ್ಟ್ರಿಜ್ ತರಬೇಡಿ. ಸ್ವಿಚ್ ಆಟಗಳಲ್ಲಿ ಎಷ್ಟೋ ಇಂಗ್ಲಿಷ್‌ನಲ್ಲೂ ಆಡಬಹುದು. ಯಾವ ಭಾಷೆಗಳಿವೆ ಅಂತ ನಿಂಟೆಂಡೊದ ಜಪಾನ್ ವೆಬ್‌ಸೈಟಿನಲ್ಲಿ ಆಯಾ ಆಟದ ಪುಟದಲ್ಲೇ ಸಿಗುತ್ತದೆ. ಆದರೆ ಆಟಕ್ಕೆ ಮುಂದೆ ಡಿಎಲ್‌ಸಿ (ಡೌನ್‌ಲೋಡ್ ಮಾಡಿಕೊಳ್ಳುವ ಹೆಚ್ಚುವರಿ ಭಾಗ) ಕೊಳ್ಳುವುದಾದರೆ ಜಪಾನ್ ಖಾತೆಯಿಂದಲೇ ಕೊಳ್ಳಬೇಕಾದೀತು.

ಎಲ್ಲಿ ಅಂದರೆ, ಟೋಕಿಯೊದ ಅಕಿಹಬಾರಾ ಎಲ್ಲರಿಗೂ ಗೊತ್ತು. ಹಳೆಯ ಸರಕಿಗೆ ಅದೇ ಊರಿನ ನಕಾನೊ ಬ್ರಾಡ್‌ವೇ ಎಂಬ ಅಂಗಡಿ ಸಂಕೀರ್ಣ ನನಗೆ ಹೆಚ್ಚು ಇಷ್ಟ. ಊರೂರಲ್ಲಿರುವ ಬುಕ್ ಆಫ್ ಅಂಗಡಿಗಳಲ್ಲೂ ಸೆಕೆಂಡ್‌ಹ್ಯಾಂಡ್ ಆಟಗಳು ಅಗ್ಗಕ್ಕೆ ಸಿಗುತ್ತವೆ. ‘ಜಂಕ್’ ಅಂತ ಬರೆದ ಬುಟ್ಟಿಯಲ್ಲಿದ್ದದ್ದಕ್ಕೆ ಗ್ಯಾರಂಟಿ ಇಲ್ಲ, ವಾಪಸ್ಸೂ ತಗೊಳ್ಳಲ್ಲ. ತೆರಿಗೆ ವಿನಾಯಿತಿ ಬೇಕಿದ್ದರೆ ಪಾಸ್‌ಪೋರ್ಟ್ ಜೊತೆಗಿರಲಿ.