ಪ್ರಜಾಪ್ರಭುತ್ವ ಇರೋ ದೇಶಗಳು ಯುದ್ಧ ಮಾಡಲ್ವಾ? ಓದುಗರು ಕೇಳಿದ್ದು, ನಾವು ಹೇಳಿದ್ದು

ಹೋದ ಸಂಚಿಕೇಲಿ ವಿದೇಶಾಂಗ ನೀತಿ ಬಗ್ಗೆ ಏನಾದ್ರೂ ಕೇಳಿ ಅಂತ ಕೊನೇಲಿ ಒಂದು ಸಾಲು ಹಾಕಿದ್ದೆ ಅಷ್ಟೇ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯಿಂದ ಇಷ್ಟೊಂದು ಬರತ್ತೆ ಅನ್ಕೊಂಡಿರ್ಲಿಲ್ಲ. ಹೆಸರು ಹಾಕ್ಬೇಡಿ ಅಂದೋರೇ ಜಾಸ್ತಿ, ಅದಕ್ಕೆ ಎಲ್ಲರದ್ದೂ ಊರು ಮಾತ್ರ ಹಾಕಿದೀನಿ.

ಬಂಗಾರಪೇಟೆ, ಬಿಎ ವಿದ್ಯಾರ್ಥಿನಿ: ಸಾರ್, ಪ್ರಜಾಪ್ರಭುತ್ವ ಇರೋ ಎರಡು ದೇಶ ಒಂದರ ಮೇಲೊಂದು ಯುದ್ಧಕ್ಕೆ ಹೋಗಲ್ಲ ಅಂತ ನಮ್ಮ ಲೆಕ್ಚರರ್ ಹೇಳಿದ್ರು. ಹಂಗಾದ್ರೆ ಕಾರ್ಗಿಲ್ ಏನು? ಆಗ ಪಾಕಿಸ್ತಾನದಲ್ಲೂ ಓಟಲ್ಲಿ ಗೆದ್ದ ಸರ್ಕಾರಾನೇ ಇತ್ತಲ್ವಾ?

ಸರಿಯಾದ ಜಾಗಕ್ಕೇ ಕೈ ಹಾಕಿದ್ದೀಯಮ್ಮ. ಈ ಮಾತು ಹಳೇದು. 1795ರಲ್ಲೇ ಇಮ್ಯಾನುಯೆಲ್ ಕಾಂಟ್ ಅನ್ನೋ ಜರ್ಮನ್ ತತ್ವಜ್ಞಾನಿ ಬರೆದಿದ್ದ, ಯುದ್ಧ ಅಂದ್ರೆ ಸಾಯೋರೂ ಜನಾನೇ, ಸಾಲ ತೀರ್ಸೋರೂ ಜನಾನೇ, ಅವರ ಒಪ್ಪಿಗೆ ಬೇಕು ಅಂತಾದ್ರೆ ಅಷ್ಟು ಸಲೀಸಾಗಿ ಹೂಂ ಅನ್ನಲ್ಲ, ರಾಜನಿಗಾದ್ರೆ ಏನು, ಅವನ ಬೇಟೆ ಅವನ ಊಟ ಯಾವುದೂ ನಿಲ್ಲಲ್ಲ ಅಂತ. 1983ರಲ್ಲಿ ಮೈಕಲ್ ಡಾಯ್ಲ್ ಅನ್ನೋ ಅಮೆರಿಕದ ಪ್ರೊಫೆಸರ್ ಇನ್ನೂರು ವರ್ಷದ ಯುದ್ಧಗಳ ಪಟ್ಟಿ ಇಟ್ಕೊಂಡು ಇದನ್ನ ತಾಳೆ ನೋಡಿದ್ರು, ಉದಾರವಾದಿ ದೇಶಗಳು, ಅಂದ್ರೆ ಚುನಾವಣೆ, ನಾಗರಿಕ ಹಕ್ಕು ಇರೋ ದೇಶಗಳು, ಬೇರೆಯವರ ಜೊತೆ ಧಾರಾಳವಾಗಿ ಹೊಡೆದಾಡಿವೆ, ತಮ್ಮತಮ್ಮಲ್ಲಿ ಮಾತ್ರ ಹೆಚ್ಚುಕಮ್ಮಿ ಇಲ್ಲ ಅಂತ ಬಂತು. ಅಲ್ಲಿಂದ ಮುಂದೆ ಅದರ ಮೇಲೆ ಪಿಎಚ್‌ಡಿ ಮಾಡಿದೋರಿಗೆ ಲೆಕ್ಕಾನೇ ಇಲ್ಲ.

ಈಗ ಕಾರ್ಗಿಲ್. ಇಲ್ಲಿ ಎರಡು ಗೆರೆ ಇದೆ. ಒಂದು, ಯುದ್ಧ ಅಂತ ಕರೀಬೇಕಾದ್ರೆ ಕಾದಾಟದಲ್ಲಿ ಕನಿಷ್ಠ 1000 ಸಾವು ಆಗಿರ್ಬೇಕು ಅನ್ನೋದು, ಇದು 1963ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಒಂದು ದೊಡ್ಡ ಯೋಜನೆ ಎಳೆದ ಗೆರೆ. ನಮ್ಮ ಸರ್ಕಾರದ ಲೆಕ್ಕದಲ್ಲೇ ನಮ್ಮ 527 ಜನ ಹೋದ್ರು, ಆ ಕಡೇದು ಸೇರಿಸಿ ಆ ಯೋಜನೆಯೋರ ಪಟ್ಟೀಲಿ ಕಾರ್ಗಿಲ್ ಯುದ್ಧ ಅಂತಾನೇ ಇದೆ. ಎರಡನೇದು, ಯಾವ ದೇಶ ಪ್ರಜಾಪ್ರಭುತ್ವ ಅನ್ನೋದು. ಪಾಲಿಟಿ ಅಂತ ಒಂದು ಅಳತೆ ಇದೆ, ಮೈನಸ್ 10ರಿಂದ ಪ್ಲಸ್ 10ರವರೆಗೆ, 6 ಮುಟ್ಟಿದ್ರೆ ಪಾಸು. ಆಗಿನ ಪಾಕಿಸ್ತಾನ ಅದ್ರಲ್ಲಿ ಪಾಸಾಗಿತ್ತು. ಅಂದ್ರೆ ನೀನು ಹೇಳ್ದಂಗೆ ಸಿದ್ಧಾಂತಕ್ಕೆ ಒಂದು ತೂತು ಬಿತ್ತು.

ಆದ್ರೆ ಒಳಗೆ ಇಣುಕಿ ನೋಡು. 1999ರ ಫೆಬ್ರವರೀಲಿ ವಾಜಪೇಯಿಯವರು ಬಸ್ಸಲ್ಲಿ ಲಾಹೋರಿಗೆ ಹೋಗಿ ನವಾಜ್ ಷರೀಫ್ ಕೈ ಕುಲುಕಿ ಬರ್ತಾರೆ, ಅದೇ ಹೊತ್ತಲ್ಲಿ ಬೆಟ್ಟದ ಮೇಲೆ ಅವರ ಸೈನ್ಯದೋರು ಬಂಕರ್ ಹಿಡೀತಿದ್ರು. ನಂಗೆ ಸರಿಯಾಗಿ ಹೇಳಿರ್ಲಿಲ್ಲ ಅಂತ ಷರೀಫ್ ಆಮೇಲೆ ಅಂದ್ರು, ಎಲ್ಲಾ ಗೊತ್ತಿತ್ತು ಅಂತ ಅವರ ಸೇನಾ ಮುಖ್ಯಸ್ಥ ಮುಷರಫ್ ಅಂದ್ರು. ಯಾರದ್ದು ನಿಜಾನೋ, ಅದೇ ವರ್ಷ ಅಕ್ಟೋಬರ್ 12ಕ್ಕೆ ಆ ಸರ್ಕಾರಾನೇ ಇರ್ಲಿಲ್ಲ. ಸೈನ್ಯ ಕಳಿಸೋ ಬಿಡೋ ತೀರ್ಮಾನ ಓಟಲ್ಲಿ ಗೆದ್ದೋರ ಕೈಲಿಲ್ಲ ಅಂದ್ಮೇಲೆ ಅದನ್ನ ಪ್ರಜಾಪ್ರಭುತ್ವ ಅಂತ ಹೆಂಗೆ ಲೆಕ್ಕ ಹಾಕ್ತೀರಾ ಅಂತ ಸಿದ್ಧಾಂತದ ಕಡೆಯೋರು ಕೇಳ್ತಾರೆ. ನ್ಯಾಯವಾದ ಪ್ರಶ್ನೇನೇ. ಆದ್ರೆ ನಂಗೆ ಇಲ್ಲೊಂದು ಅನುಮಾನ, ಯುದ್ಧ ಆದ್ಮೇಲೆ ಓಹೋ ಅದು ಸರಿಯಾದ ಪ್ರಜಾಪ್ರಭುತ್ವ ಅಲ್ಲ ಬಿಡಿ ಅನ್ನೋದಾದ್ರೆ ಅದು ಗಲ್ಲಿ ಕ್ರಿಕೆಟ್ಟಲ್ಲಿ ಔಟಾದ್ಮೇಲೆ ಟ್ರಯಲ್ ಬಾಲು ಅಂದಂಗೆ ಆಗಲ್ವಾ.

ಇನ್ನೊಂದು ವಿಷಯ ನಿಮ್ಮ ಲೆಕ್ಚರರ್‌ಗೇ ಕೇಳು. 1971ರ ಡಿಸೆಂಬರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಎಂಟರ್‌ಪ್ರೈಸ್ ಅನ್ನೋ ಅಣುಶಕ್ತಿ ಹಡಗನ್ನ ಬಂಗಾಳ ಕೊಲ್ಲಿ ಕಡೆ ಕಳಿಸಿದ್ರು, ನಮ್ಮನ್ನ ಹೆದರ್ಸಕ್ಕೇ. ಎರಡೂ ಪ್ರಜಾಪ್ರಭುತ್ವ. ಗುಂಡು ಹಾರ್ಲಿಲ್ಲ, ಪಟ್ಟೀಲಿ ಅದು ಶಾಂತಿ ಅಂತಾನೇ ಸೇರ್ಕೊಂಡಿದೆ. 1973ರಲ್ಲಿ ಚಿಲಿಯ ಚುನಾಯಿತ ಸರ್ಕಾರ ಉರುಳಿತಲ್ಲ, ಅದಕ್ಕೆ ಮುಂಚೆ ವರ್ಷಗಟ್ಟಲೆ ಅದನ್ನ ಅಲ್ಲಾಡ್ಸಕ್ಕೆ ವಾಷಿಂಗ್ಟನ್ನಿಂದ ಗುಟ್ಟಾಗಿ ದುಡ್ಡು ಹೋಗಿತ್ತು, ಅದೂ ಯುದ್ಧ ಅಲ್ಲ, 1000 ಸೈನಿಕರು ಸತ್ತಿಲ್ವಲ್ಲ. 2003ರಲ್ಲಿ ಸೆಬಾಸ್ಟಿಯನ್ ರೊಸಾಟೊ ಅನ್ನೋರು ಇಂಥವನ್ನೆಲ್ಲ ಎತ್ತಿ ಈ ಸಿದ್ಧಾಂತದ ತರ್ಕಾನೇ ಟೊಳ್ಳು ಅಂತ ಬರೆದ್ರು. ನಂಗೆ ಪೂರ್ತಿ ಟೊಳ್ಳು ಅನ್ಸಲ್ಲ. ಹಳೇ, ಗಟ್ಟಿ ಪ್ರಜಾಪ್ರಭುತ್ವಗಳ ಮಧ್ಯೆ ಯುದ್ಧ ಕಮ್ಮಿ ಅನ್ನೋದು ನಿಜಾನೇ. ಕಷ್ಟ ಇರೋದು ಆಗತಾನೇ ಚುನಾವಣೆ ಶುರುವಾಗಿ ಕೋರ್ಟು ಪೇಪರು ಯಾವುದೂ ಗಟ್ಟಿಯಾಗದ ದೇಶಗಳಲ್ಲಿ, ಅಲ್ಲಿ ಯುದ್ಧದ ಅಪಾಯ ಕಮ್ಮಿ ಆಗೋ ಬದ್ಲು ಜಾಸ್ತಿ ಆಗ್ಬೋದು ಅಂತ ಮ್ಯಾನ್ಸ್‌ಫೀಲ್ಡ್, ಸ್ನೈಡರ್ ಅಂತ ಇಬ್ರು 1995ರಲ್ಲೇ ಹೇಳಿದ್ರು. ಓಟು ಬೇಕಾದ್ರೆ ಪಕ್ಕದ ಮನೆಯೋನ ಮೇಲೆ ಜಗಳ ತೆಗೆಯೋದು ಸುಲಭದ ದಾರಿ, ಅದಕ್ಕೆ ನಮಗೆ ಪ್ರೊಫೆಸರ್ ಬೇಕಾಗಿಲ್ಲ, ಗ್ರಾಮ ಪಂಚಾಯ್ತಿ ಎಲೆಕ್ಷನ್ ನೋಡಿದೋರಿಗೆಲ್ಲ ಗೊತ್ತು.

ಗೌರಿಬಿದನೂರು, ನಿವೃತ್ತ ಶಿಕ್ಷಕರು: ವರ್ಷಕ್ಕೆ 25 ಜನ ಸತ್ತರೆ ಸಂಘರ್ಷ, 24 ಸತ್ತರೆ ಅಲ್ಲ ಅಂತ ಎಲ್ಲೋ ಓದಿದೆ. ಇದು ಯಾವ ಸೀಮೆ ವಿದ್ಯೆ?

ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಗೆರೆ ಅದು ಮೇಷ್ಟ್ರೇ. ಎಲ್ಲೋ ಒಂದು ಕಡೆ ಗೆರೆ ಹಾಕ್ದೆ ದೇಶದೇಶಗಳನ್ನ ಹೋಲಿಸಕ್ಕಾಗಲ್ಲ, ಪಾಸ್ ಮಾರ್ಕ್ಸ್ 35 ಅಂತ ಇಟ್ಟಂಗೆ. ನಿಜವಾದ ತಲೆನೋವು ಸಾವನ್ನ ಎಣಿಸೋರು ಯಾರು ಅನ್ನೋದು. ನಿಮ್ಮೂರ ಪಕ್ಕದ ವಿದುರಾಶ್ವತ್ಥಾನೇ ತಗೊಳ್ಳಿ, 1938ರ ಏಪ್ರಿಲ್ 25ಕ್ಕೆ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಗುಂಡು ಹಾರಿಸಿದ್ರು, ಸತ್ತೋರು ಎಷ್ಟು ಅಂದ್ರೆ ಸರ್ಕಾರದ ಲೆಕ್ಕ ಕಮ್ಮಿ, ಊರಿನ ಲೆಕ್ಕ ಜಾಸ್ತಿ, ಇವತ್ತಿಗೂ ಎರಡೂ ಸೇರ್ಲಿಲ್ಲ. ರೈಲು ಇಳಿದು ಹತ್ತೇ ನಿಮಿಷಕ್ಕೆ ಹೋಗೋ ಜಾಗದ ಕತೆ ಹಿಂಗಾದ್ರೆ ಸೂಡಾನ್ ಲೆಕ್ಕ ಹೆಂಗೆ ಹಾಕ್ತಾರೋ ಯೋಚ್ನೆ ಮಾಡಿ.

ಕೋಲಾರ, ಟೊಮೆಟೊ ಮಂಡಿ: ಅಣ್ಣಾ, ವ್ಯಾಪಾರ ಜಾಸ್ತಿ ಆದ್ರೆ ಯುದ್ಧ ಕಮ್ಮಿ ಆಗತ್ತೆ ಅಂತಾರಲ್ಲ ನಿಜಾನಾ? ನಮ್ಮ ಅನುಭವದಲ್ಲಿ ಜಗಳ ಆದ ತಕ್ಷಣ ಮೊದಲು ನಿಲ್ಲೋದೇ ಲೋಡು.

ಈ ಪ್ರಶ್ನೆ ನೋಡಿ ಖುಷಿ ಆಯ್ತು, ಯಾಕಂದ್ರೆ ಇದನ್ನೇ ಇಟ್ಕೊಂಡು ನೂರು ವರ್ಷದಿಂದ ವಾದ ನಡೀತಿದೆ. ಮೊದಲನೇ ಮಹಾಯುದ್ಧಕ್ಕೆ ನಾಲ್ಕೈದು ವರ್ಷ ಮುಂಚೆ ನಾರ್ಮನ್ ಏಂಜೆಲ್ ಅನ್ನೋ ಇಂಗ್ಲಿಷ್ ಪತ್ರಕರ್ತ, ಯೂರೋಪಿನ ಬ್ಯಾಂಕು ವ್ಯಾಪಾರ ಎಲ್ಲಾ ಒಂದಕ್ಕೊಂದು ಹೆಣ್ಕೊಂಡಿದೆ, ಗೆದ್ದೋನಿಗೂ ಲಾಭ ಬರಲ್ಲ ಅಂತ ಬರೆದ. 1914ರಲ್ಲಿ ಯುದ್ಧ ಆಗೇ ಹೋಯ್ತು. ಪಾಪ ಅವನು ಯುದ್ಧ ಆಗೋದೇ ಇಲ್ಲ ಅಂದಿರ್ಲಿಲ್ಲ, ಆದ್ರೆ ದಡ್ಡತನ ಅಂದಿದ್ದ, ಜನ ಹಂಗೆ ಓದ್ಕೊಂಡ್ರು ಅಷ್ಟೇ.

ನಮ್ಮ ಕಡೇದೇ ನೋಡೋಣ. 2019ರ ಫೆಬ್ರವರೀಲಿ ಪುಲ್ವಾಮಾ ಆದ್ಮೇಲೆ ಪಾಕಿಸ್ತಾನದ ಮಾಲಿಗೆ ನಾವು 200 ಪರ್ಸೆಂಟ್ ಸುಂಕ ಹಾಕಿದ್ವಿ, ಆಗಸ್ಟಲ್ಲಿ ಅವರೇ ವ್ಯಾಪಾರ ನಿಲ್ಲಿಸಿದ್ರು, 2025ರ ಏಪ್ರಿಲ್ 22ಕ್ಕೆ ಪಹಲ್ಗಾಮಲ್ಲಿ 26 ಜನರನ್ನ ಕೊಂದ ಮಾರನೇ ದಿನ ಅಟ್ಟಾರಿ ಗೇಟ್ ಮುಚ್ಚಿದ್ವಿ. ಮೇ 7ಕ್ಕೆ ದಾಳಿ, 10ಕ್ಕೆ ಕದನ ವಿರಾಮ. ಅಲ್ಲಿ ತಡೆಯಕ್ಕೆ ವ್ಯಾಪಾರ ಅನ್ನೋದೇ ಉಳಿದಿರ್ಲಿಲ್ಲ, ಕಳ್ಕೊಳ್ಳೋದು ಏನೂ ಇಲ್ಲ ಅಂದ್ರೆ ಹಿಂದೆಮುಂದೆ ನೋಡೋದು ಯಾಕೆ. ಈಗ ಚೀನಾ ತಗೊಳ್ಳಿ, ಅಲ್ಲಿ ಪೂರ್ತಿ ಉಲ್ಟಾ. 2020ರ ಜೂನಲ್ಲಿ ಗಾಲ್ವಾನಲ್ಲಿ ನಮ್ಮ 20 ಯೋಧರು ಸತ್ತರು, ಆದ್ರೂ ವ್ಯಾಪಾರ ಏರ್ತಾನೇ ಹೋಯ್ತು, 2024-25ರಲ್ಲಿ ನಾವು ಕಳ್ಸಿದ್ದಕ್ಕಿಂತ ತರಿಸ್ಕೊಂಡಿದ್ದು ಹತ್ತತ್ರ 99 ಬಿಲಿಯನ್ ಡಾಲರ್ ಜಾಸ್ತಿ. ವ್ಯಾಪಾರ ಇದ್ದಿದ್ದಕ್ಕೆ ಜಗಳ ನಿಲ್ಲಲಿಲ್ಲ, ಜಗಳ ಆಗಿದ್ದಕ್ಕೆ ವ್ಯಾಪಾರಾನೂ ನಿಲ್ಲಲಿಲ್ಲ.

ಈಗಿನ ಸಂಶೋಧಕರು ನೋಡೋದು ಎಷ್ಟು ವ್ಯಾಪಾರ ಅಂತಲ್ಲ, ಯಾರ ಕುತ್ತಿಗೆ ಯಾರ ಕೈಲಿದೆ ಅಂತ. ಹೆನ್ರಿ ಫಾರೆಲ್, ಅಬ್ರಹಾಂ ನ್ಯೂಮನ್ ಅಂತ ಇಬ್ರು 2019ರಲ್ಲಿ ಬರೆದಿದ್ದು ಇದನ್ನೇ, ದುಡ್ಡು ಹರಿಯೋ ದಾರಿ, ಮಾಲು ಹೋಗೋ ದಾರಿ ನಾಲ್ಕು ಜನರ ಅಂಗಳದಲ್ಲೇ ಹಾದು ಹೋಗ್ಬೇಕು ಅಂದ್ರೆ ಅವರಿಗೆ ಅದೇ ಆಯುಧ. 2025ರ ಏಪ್ರಿಲಲ್ಲಿ ಚೀನಾ ಅಪರೂಪದ ಖನಿಜಗಳ ಅಯಸ್ಕಾಂತ ಹೊರಗೆ ಕಳ್ಸಕ್ಕೆ ಲೈಸೆನ್ಸ್ ಬೇಕು ಅಂದಿದ್ದೇ ತಡ ನಮ್ಮ ಕಾರು, ಎಲೆಕ್ಟ್ರಿಕ್ ಸ್ಕೂಟರ್ ಕಂಪನಿಗಳು ಬಾಯ್ಬಾಯಿ ಬಿಟ್ಟವು. ನಿಮ್ಮ ಭಾಷೇಲಿ ಹೇಳ್ಬೇಕಂದ್ರೆ ಮಂಡಿಗೆ ಲಾರಿ ಬರೋ ದಾರೀಲಿ ಒಬ್ಬನದ್ದೇ ಗೇಟ್ ಇದ್ದಂಗೆ, ಹರಾಜು ನೀವೇ ಕೂಗಿ, ಬಾಕ್ಸಿನ ರೇಟು ಅವನೇ ಕಟ್ಟಿರ್ತಾನೆ.

ಟೊಮೆಟೊದ್ದೇ ಕೇಳಿ. 2025ರ ಅಕ್ಟೋಬರಲ್ಲಿ ಪಾಕಿಸ್ತಾನಕ್ಕೂ ಅಫ್ಘಾನಿಸ್ತಾನಕ್ಕೂ ಗುಂಡಿನ ಚಕಮಕಿ ಆಗಿ ಟೋರ್ಕಮ್ ಗಡಿ ಮುಚ್ತು. ಆ ಸೀಸನ್ನಲ್ಲಿ ಪಾಕಿಸ್ತಾನಕ್ಕೆ ಟೊಮೆಟೊ ಅಫ್ಘಾನಿಸ್ತಾನದ ಕಡೆಯಿಂದಾನೂ ಬರ್ಬೇಕು. ಕೆಲವೇ ದಿನಕ್ಕೆ ಅಲ್ಲಿ ಕೆಜಿ ಟೊಮೆಟೊ ಅವರ ದುಡ್ಡಲ್ಲಿ 600 ರೂಪಾಯಿ ಮುಟ್ತು. ಈ ಕಡೆ ಅಟ್ಟಾರೀನೂ ಬಂದ್. ಎರಡು ಬಾಗಿಲೂ ಮುಚ್ಕೊಂಡ ಮನೇಲಿ ಸಾರಿಗೆ ಹುಣಿಸೇಹಣ್ಣೇ ಗತಿ. ಆ ರೇಟು ಕೇಳಿ ನಿಮ್ಮ ಮಂಡೀಲಿ ಎಷ್ಟು ಜನಕ್ಕೆ ಹೊಟ್ಟೆ ಉರೀತೋ ಗೊತ್ತಿಲ್ಲ, ನಮ್ಮ ರೈತರು ರೇಟ್ ಬಿದ್ದಾಗ ಇದೇ ಹಣ್ಣನ್ನ ರಸ್ತೆಗೆ ಸುರಿದು ಹೋಗಿದ್ದನ್ನ ನಾನೇ ನೋಡಿದ್ದೀನಿ.

ಚಿಕ್ಕಬಳ್ಳಾಪುರ: ಭಾರತ ಪ್ರಜಾಪ್ರಭುತ್ವಾನೇ ಅಲ್ಲ ಅಂತ ಯಾವುದೋ ವಿದೇಶಿ ಸಂಸ್ಥೆ ಹೇಳಿದೆಯಂತೆ. ಇದು ಪಿತೂರಿನೋ ನಿಜಾನೋ, ಒಂದು ಮಾತಲ್ಲಿ ಹೇಳಿ.

ಒಂದು ಮಾತಲ್ಲಿ ಹೇಳಕ್ಕಾಗಲ್ಲ ಸಾರ್, ಕ್ಷಮಿಸಿ. ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ವಿ-ಡೆಮ್ ಅನ್ನೋ ಸಂಸ್ಥೆ 2021ರ ವರದೀಲಿ ನಮ್ಮನ್ನ ಚುನಾವಣೆ ಇರೋ ನಿರಂಕುಶ ವ್ಯವಸ್ಥೆ ಅನ್ನೋ ಸಾಲಿಗೆ ಹಾಕ್ತು. ಅದೇ ವರ್ಷ ಅಮೆರಿಕದ ಫ್ರೀಡಂ ಹೌಸ್ ಅರ್ಧ ಸ್ವತಂತ್ರ ಅಂತು, ಲಂಡನ್ನಿನ ಎಕನಾಮಿಸ್ಟ್ ಗುಂಪು ದೋಷ ಇರೋ ಪ್ರಜಾಪ್ರಭುತ್ವ ಅಂತು. ನಮ್ಮ ಸರ್ಕಾರ ಇದನ್ನೆಲ್ಲ ಒಪ್ಪಲಿಲ್ಲ, ಜಗತ್ತಿಗೆ ಸರ್ಟಿಫಿಕೇಟ್ ಕೊಡಕ್ಕೆ ಇವರ್ಯಾರು ಅನ್ನೋ ಧಾಟೀಲಿ ವಿದೇಶಾಂಗ ಸಚಿವ ಜೈಶಂಕರ್ ಉತ್ತರ ಕೊಟ್ರು.

ನಂಬೋ ಮುಂಚೆ, ಬೈಯೋ ಮುಂಚೆ, ಅಳೆಯೋದು ಹೆಂಗೆ ಅಂತ ನೋಡಿ. ವಿ-ಡೆಮ್‌ನೋರು ಪ್ರತಿ ದೇಶದ ಬಗ್ಗೆ ತಿಳಿದ ತಜ್ಞರಿಗೆ ನೂರಾರು ಪ್ರಶ್ನೆ ಕಳಿಸ್ತಾರೆ, ಪತ್ರಕರ್ತರಿಗೆ ಕಿರುಕುಳ ಇದೆಯಾ, ಚುನಾವಣಾ ಆಯೋಗ ಸ್ವತಂತ್ರಾನಾ ಅಂತ, ಒಂದೊಂದು ಪ್ರಶ್ನೆಗೂ ಹಲವಾರು ಜನ ಅಂಕ ಹಾಕ್ತಾರೆ, ಅದನ್ನ ಕಂಪ್ಯೂಟರ್ ಸರಿತೂಗಿಸಿ ಒಂದು ನಂಬರ್ ಮಾಡತ್ತೆ. ಅಂದ್ರೆ ಕೊನೇಗೆ ಅದು ತಿಳಿದೋರ ಅಭಿಪ್ರಾಯ. ಆಂಡ್ರೂ ಲಿಟ್ಲ್, ಆನ್ ಮೆಂಗ್ ಅನ್ನೋ ಇಬ್ರು ಅಮೆರಿಕದ ಸಂಶೋಧಕರು ಇತ್ತೀಚೆಗೆ ಕೇಳಿದ್ದು ಇದನ್ನೇ, ಅಭಿಪ್ರಾಯ ಬಿಟ್ಟು ಎಣಿಸಕ್ಕಾಗೋದನ್ನ ನೋಡೋಣ, ಅಧಿಕಾರದಲ್ಲಿರೋ ಪಕ್ಷ ಸೋಲೋದು ಜಗತ್ತಲ್ಲಿ ಕಮ್ಮಿ ಆಗಿದೆಯಾ ಅಂತ. ಅಷ್ಟೇನೂ ಆಗಿಲ್ಲ ಅಂತ ಅವರ ಉತ್ತರ, ತಜ್ಞರು ಪೇಪರ್ ಓದಿ ಸ್ವಲ್ಪ ಮೂಡ್ ಕೆಡಿಸ್ಕೊಂಡಿರ್ಬೋದು ಅನ್ನೋ ಅನುಮಾನ. ಪತ್ರಕರ್ತರ ಬಾಯಿ ಮುಚ್ಸಿದ್ದು ಚುನಾವಣೆ ಫಲಿತಾಂಶದಲ್ಲಿ ಕಾಣಲ್ವಲ್ಲ ಅಂತ ಇನ್ನೊಂದು ಕಡೆಯೋರು.

ಟೊಮೆಟೊ ಬಾಕ್ಸು 15 ಕೆಜಿ, ಮೇಲಿನ ಸಾಲು ನೋಡಿ ರೇಟ್ ಕೂಗ್ತಾರೆ, ಹಳೇ ವ್ಯಾಪಾರಿ ಮಾತ್ರ ಕೈ ಒಳಗೆ ಹಾಕಿ ಕೆಳಗಿನ ಹಣ್ಣು ಎತ್ತಿ ನೋಡ್ತಾನೆ. ರ‍್ಯಾಂಕೂ ಹಂಗೇ. ಭಾರತಕ್ಕೆ ಅಂಕ ಜಾಸ್ತಿ ಹೋಗಿರೋದು ಮಾಧ್ಯಮ, ಸಂಘಸಂಸ್ಥೆ, ಮಾತಾಡೋ ಸ್ವಾತಂತ್ರ್ಯದ ಪ್ರಶ್ನೆಗಳಲ್ಲಿ, ಓಟು ಹಾಕೋದ್ರಲ್ಲಿ ಅಷ್ಟಿಲ್ಲ. ಆ ಪ್ರಶ್ನೆಗಳನ್ನ ನೀವೇ ಮುಂದಿಟ್ಕೊಂಡು ಅಂಕ ಹಾಕಿ, ಯಾವ ಹೆಸರು ಕೊಡ್ತೀರೋ ಆಮೇಲೆ ನೋಡೋಣ. ಮತ್ತೆ ಸಿಟ್ಟು ಮಾಡ್ಕೋಬೇಡಿ, ನಮ್ಮ ರಾಜ್ಯದ ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿಗೆ 2016ರಲ್ಲಿ ಎಲೆಕ್ಷನ್ ಆಯ್ತು, 2021ಕ್ಕೆ ಅವಧಿ ಮುಗೀತು, ಅಲ್ಲಿಂದ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ನಡೆಸಿದ್ರು. ಇದಕ್ಕೆ ಸ್ವೀಡನ್‌ನೋರು ಬಂದು ಹೇಳ್ಬೇಕಾಗಿರ್ಲಿಲ್ಲ, ನಾವೂ ಕೇಳ್ಲಿಲ್ಲ.

ಗುಬ್ಬಿ: ನಮ್ಮ ತಾಲ್ಲೂಕಲ್ಲೇ ಹೆಲಿಕಾಪ್ಟರ್ ಫ್ಯಾಕ್ಟರಿ ಆಗಿದೆ. ಇನ್ಮೇಲೆ ನಾವು ರಷ್ಯಾ, ಅಮೆರಿಕ ಯಾರ ಮಾತೂ ಕೇಳೋ ಹಂಗಿಲ್ಲ ಅಲ್ವಾ?

ಬಿದರೆಹಳ್ಳ ಕಾವಲಿನ 615 ಎಕರೆ ಎಚ್‌ಎಎಲ್ ಘಟಕ, 2023ರ ಫೆಬ್ರವರಿ 6ಕ್ಕೆ ಉದ್ಘಾಟನೆ ಆಯ್ತು, ಹೆಮ್ಮೆ ಪಡಿ. ಆದ್ರೆ ಅಷ್ಟು ಬೇಗ ಬೇಡ. ಸ್ಟಾಕ್‌ಹೋಮಿನ ಸಿಪ್ರಿ ಸಂಸ್ಥೆ ಲೆಕ್ಕದ ಪ್ರಕಾರ ನಾವು ಹೊರಗಿಂದ ತರೋ ಆಯುಧದಲ್ಲಿ ರಷ್ಯಾ ಪಾಲು 2010-14ರಲ್ಲಿ 72 ಪರ್ಸೆಂಟ್, 2020-24ರಲ್ಲಿ 36. ಬಿಟ್ಟಿದ್ದನ್ನ ತುಂಬಿರೋದು ಬರೀ ಸ್ವದೇಶಿ ಅಲ್ಲ, ಫ್ರಾನ್ಸ್, ಇಸ್ರೇಲ್, ಅಮೆರಿಕಾನೂ. ನಿಮ್ಮೂರ ಹೆಲಿಕಾಪ್ಟರಿನ ಶಕ್ತಿ ಎಂಜಿನ್ ಕೂಡ ಫ್ರೆಂಚ್ ಕಂಪನಿ ಜೊತೆ ಸೇರಿ ಮಾಡಿದ್ದೇ. ಒಬ್ಬನ ಅಂಗಡೀಲಿ ಸಾಲ ಇದ್ದಿದ್ದು ನಾಲ್ಕು ಅಂಗಡೀಲಿ ಆಗಿದೆ, ಅದೂ ಒಂದು ರೀತಿ ಬಿಡುಗಡೇನೇ.

ಕ್ಯಾತ್ಸಂದ್ರ: ನೀವು ಆ ಪಕ್ಷಾನಾ, ಈ ಪಕ್ಷಾನಾ?

ತಟ್ಟೆ ಇಡ್ಲಿ ಪಕ್ಷ. ಬೆಣ್ಣೆ ಜಾಸ್ತಿ ಇರ್ಲಿ.

ಚಿಂತಾಮಣಿ, ಒಬ್ಬ ತಂದೆ: ಮಗಳು ಅಂತರರಾಷ್ಟ್ರೀಯ ಸಂಬಂಧ ಓದ್ತೀನಿ ಅಂತಾಳೆ. ಕೆಲಸ ಸಿಗತ್ತಾ? ಇಂಗ್ಲಿಷ್ ಒಂದೇ ಸಾಕಾ?

ಓದಿಸಿ ಸ್ವಾಮಿ. 2025-26ರ ಬಜೆಟ್ಟಲ್ಲಿ ರಕ್ಷಣೆಗೆ 6.81 ಲಕ್ಷ ಕೋಟಿ, ವಿದೇಶಾಂಗ ಇಲಾಖೆಗೆ 20,516 ಕೋಟಿ, ಇಷ್ಟು ದೊಡ್ಡ ದೇಶಕ್ಕೆ ರಾಯಭಾರಿ ಕೆಲಸದ ಜನ ಕಮ್ಮಿ ಇದಾರೆ ಅಂತ ಸಂಸದೀಯ ಸಮಿತಿಗಳೇ ಹೇಳ್ತಾ ಬಂದಿವೆ. ಸರ್ಕಾರಿ ಕೆಲಸಾನೇ ಆಗ್ಬೇಕು ಅಂತಿಲ್ಲ. ಇಂಗ್ಲಿಷ್ ಬರ್ಲಿ, ಜೊತೆಗೆ ನೇಪಾಳಿನೋ ಸಿಂಹಳಾನೋ ಚೀನೀ ಭಾಷೇನೋ ಒಂದು ಕಲೀಲಿ, ಪಕ್ಕದ ಮನೆಯೋರು ಏನ್ ಮಾತಾಡ್ತಾರೆ ಅಂತ ಗೊತ್ತಿರೋರು ನಮ್ಮಲ್ಲಿ ಅಪರೂಪ. ಸಂಖ್ಯಾಶಾಸ್ತ್ರ ಬಿಡೋ ಹಂಗಿಲ್ಲ, ಅದಕ್ಕೆ ಹೆದರಿ ಆರ್ಟ್ಸ್ ತಗೊಂಡಿದ್ರೆ ಈಗ್ಲೇ ಹೇಳ್ಬಿಡಿ. ಮೇಲೆ ಹೇಳಿದ ವಿ-ಡೆಮ್, ಉಪ್ಸಾಲಾ ಎರಡರ ದತ್ತಾಂಶಾನೂ ಫ್ರೀಯಾಗಿ ಇಳಿಸ್ಕೋಬೋದು, ಹಳೇ ಲ್ಯಾಪ್‌ಟಾಪ್ ಸಾಕು. ರಜದಲ್ಲಿ ಶ್ರೀಲಂಕಾದ 30 ವರ್ಷದ ಅಂಕಿಅಂಶದ್ದು ಒಂದು ಗ್ರಾಫ್ ಮಾಡು ಅನ್ನಿ, ಮಾಡಿದ್ರೆ ನಂಗೂ ಒಂದು ಕಾಪಿ ಕಳ್ಸಿ.