ಬಿಂಬುಳಿ ರಸವನ್ನು ಇವತ್ತೇ ನಿಲ್ಲಿಸಿ

ಪತ್ರ: ಮಾವನವರಿಗೆ 64 ವರ್ಷ, ಬಿಪಿ ಇದೆ. ರಕ್ತಪರೀಕ್ಷೆಯಲ್ಲಿ ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ 1.8, ಯೂರಿಕ್ ಆಸಿಡ್ 8.4. ಡಾಕ್ಟರರು ಬಿಪಿ ಮಾತ್ರೆ ಬದಲಿಸಿದರೇ ಹೊರತು ಯೂರಿಕ್ ಆಸಿಡ್‌ಗೆ ಏನೂ ಬರೆಯಲಿಲ್ಲ. ಕಿಡ್ನಿಯನ್ನು ಕೆಡಿಸುತ್ತಿರುವುದೇ ಅದು ಎನ್ನುತ್ತಾರೆ ನೆಂಟರು. ಬಂಗುಡೆ, ಬೂತಾಯಿ, ತೊಗರಿಬೇಳೆ ಬಿಡಿಸಿದ್ದೇವೆ. ನೆರೆಮನೆಯವರು ಹೇಳಿದಂತೆ ದಿನಾ ಒಂದು ಲೋಟ ಬಿಂಬುಳಿ ರಸ ಕೊಡುತ್ತಿದ್ದೇವೆ. ಡಾಕ್ಟರರನ್ನು ಬದಲಿಸಬೇಕೇ?
– ಓದುಗರೊಬ್ಬರು, ಕಾಪು

ಸಂಪಾದಕರ ಉತ್ತರ:

ಡಾಕ್ಟರರು ಇರಲಿ, ಮೊದಲು ಆ ಲೋಟವನ್ನು ಬದಿಗಿಡಿ. ಬಿಂಬುಳಿಯಲ್ಲಿ ಆಕ್ಸಲೇಟ್ ವಿಪರೀತ. ಮೀನಿನ ಸಾರಿಗೆ ಹುಳಿಯಾಗಿ ನಾಲ್ಕು ಕಾಯಿ ಹಾಕುವುದು ಬೇರೆ, ಹಿಂಡಿ ಲೋಟಗಟ್ಟಲೆ ಕುಡಿಯುವುದು ಬೇರೆ. ಪಕ್ಕದ ಕೇರಳದಲ್ಲಿ ಈ ರಸ ಕುಡಿದು, ಆಕ್ಸಲೇಟ್ ಕಿಡ್ನಿಯಲ್ಲಿ ಹರಳುಗಟ್ಟಿ, ಡಯಾಲಿಸಿಸ್‌ವರೆಗೆ ಹೋದವರ ವಿವರ ವೈದ್ಯಕೀಯ ಪತ್ರಿಕೆಗಳಲ್ಲಿ ಅಚ್ಚಾಗಿದೆ. ಹಿತ್ತಿಲಲ್ಲಿ ದಾರೆಹುಳಿ ಮರವಿದ್ದರೆ ಅದರ ಹಣ್ಣಂತೂ ಮಾವನವರಿಗೆ ಬೇಡವೇ ಬೇಡ. ಕಿಡ್ನಿ ಸೋತವರ ಮಿದುಳಿಗೂ ಅದು ವಿಷ. ರಸ ಕುಡಿಸಿದ ವಿಷಯವನ್ನು ಮುಚ್ಚಿಡದೆ ಡಾಕ್ಟರರಿಗೆ ಹೇಳಿ, ಕ್ರಿಯಾಟಿನಿನ್ ಇನ್ನೊಮ್ಮೆ ನೋಡಿಸಿ. ಈ ವಾರವೇ.

ಇನ್ನು ಯೂರಿಕ್ ಆಸಿಡ್. ದೇಹದಲ್ಲಿ ಹುಟ್ಟುವ ಯೂರಿಕ್ ಆಸಿಡ್‌ನ ಸುಮಾರು ಮೂರನೆಯ ಎರಡು ಪಾಲನ್ನು ಹೊರಹಾಕುವುದು ಕಿಡ್ನಿಯೇ. ಆಟಿಯ ಮಳೆಗೆ ತೋಡು ಕಟ್ಟಿಕೊಂಡರೆ ನೀರು ಅಂಗಳದಲ್ಲಿ ನಿಲ್ಲುತ್ತದಲ್ಲ, ಹಾಗೆ ಕಿಡ್ನಿ ಸೋತಂತೆ ಅದು ರಕ್ತದಲ್ಲಿ ಏರುತ್ತದೆ. ಅದು ಹೆಚ್ಚಿರುವವರಲ್ಲಿ ಕಿಡ್ನಿ ಬೇಗ ಕುಗ್ಗುವುದು ನಿಜ. ಆದ್ದರಿಂದಲೇ, ಅದನ್ನು ಇಳಿಸಿದರೆ ಕಿಡ್ನಿ ಉಳಿದೀತು ಎಂದು ತಜ್ಞರೂ ಬಹಳ ಕಾಲ ಆಸೆಪಟ್ಟಿದ್ದರು. 2020ರಲ್ಲಿ ಪ್ರಕಟವಾದ ಎರಡು ಪ್ರಯೋಗಗಳು ಆ ಆಸೆಗೆ ತಣ್ಣೀರೆರಚಿದವು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಪ್ರಯೋಗದಲ್ಲಿ ಯೂರಿಕ್ ಆಸಿಡ್ ಇಳಿಸುವ ಅಲೋಪ್ಯೂರಿನಾಲ್ ಮಾತ್ರೆ ನುಂಗಿದವರಲ್ಲಿ ಅದು 8.2ರಿಂದ ಐದರ ಆಸುಪಾಸಿಗೆ ಇಳಿಯಿತು. ಕಿಡ್ನಿಯ ಸೋಸುವ ಶಕ್ತಿಯೋ, ವರ್ಷಕ್ಕೆ 3.33 ಅಂಕ ಕುಸಿಯಿತು. ಹುಸಿ ಮಾತ್ರೆ ನುಂಗಿದವರಲ್ಲಿ ಕುಸಿತ 3.23. ಟೈಪ್ 1 ಮಧುಮೇಹಿಗಳ ಮೇಲೆ ನಡೆದ ಇನ್ನೊಂದರಲ್ಲಿಯೂ ಲಾಭ ಕಾಣಲಿಲ್ಲ. ಅಲೋಪ್ಯೂರಿನಾಲ್ ಅಪರೂಪಕ್ಕೆ ಚರ್ಮವೇ ಸುಲಿಯುವಂಥ ಅಡ್ಡಪರಿಣಾಮವನ್ನೂ ತರುತ್ತದೆ. ಗೌಟ್, ಅಂದರೆ ಯೂರಿಕ್ ಆಸಿಡ್ ಹರಳುಗಟ್ಟಿ ಕೀಲು ಊದುವ ರೋಗ, ಇಲ್ಲದವರಿಗೆ ಕಿಡ್ನಿಯ ಹೆಸರಿನಲ್ಲಿ ಅದನ್ನು ಕೊಡಬೇಡಿ ಎಂದು 2024ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಹೇಳುತ್ತದೆ. ನಿಮ್ಮ ಡಾಕ್ಟರರು ಮರೆತದ್ದಲ್ಲ, ಬೇಡವೆಂದೇ ಬಿಟ್ಟದ್ದಿರಬೇಕು.

ಗೌಟ್ ಇದ್ದರೆ ಮಾತು ಬೇರೆ. ನನಗೇ ಒಮ್ಮೆ ನಡುರಾತ್ರಿ ಹೆಬ್ಬೆರಳು ಬದನೆಕಾಯಿಯಂತೆ ಊದಿ, ಹೊದಿಕೆಯ ಅಂಚು ತಾಗಿದರೂ ಕಿರುಚುವಂತಾಗಿತ್ತು. ಮರುದಿನ ಔಷಧಿ ಅಂಗಡಿಯವನು ಚೀಟಿ ಕೇಳದೆ ನೋವಿನ ಮಾತ್ರೆ ಕೊಟ್ಟ, ನಾನೂ ಹತ್ತು ದಿನ ನುಂಗಿದೆ. ಡೈಕ್ಲೋಫೆನಾಕ್ ಜಾತಿಯ ಆ ಮಾತ್ರೆಗಳು ಕಿಡ್ನಿಗೆ ಯೂರಿಕ್ ಆಸಿಡ್‌ಗಿಂತ ದೊಡ್ಡ ಶತ್ರುಗಳು ಎಂದು ತಿಳಿದದ್ದು ಆಮೇಲೆ. ಮಾವನವರಿಗೂ ಮಂಡಿನೋವಿಗೋ ಮತ್ತೊಂದಕ್ಕೋ ಅಂಥದ್ದೇನಾದರೂ ನಡೆಯುತ್ತಿದೆಯೇ, ಡಬ್ಬಿ ತೆರೆದು ನೋಡಿ.

ಬೇಳೆ ಬಿಡಿಸಿದ್ದು ಯಾಕೆಂದು ಅರ್ಥವಾಗಲಿಲ್ಲ. ದೇಹದಲ್ಲಿ ಯೂರಿಕ್ ಆಸಿಡ್ ಆಗುವ ಪ್ಯೂರಿನ್ ಬೇಳೆಯಲ್ಲಿದ್ದರೂ ಅದು ಗೌಟ್ ತರುವುದು ಕಂಡುಬಂದಿಲ್ಲ. ಬೂತಾಯಿ ಅಪರೂಪವಾಗಲಿ. ಆದರೆ ಗಂಜಿಯ ಬದಿಯಲ್ಲಿ ದಿನಾ ಬೀಳುವ ಉಪ್ಪಿನಕಾಯಿ, ಒಣಮೀನಿನ ಬಗ್ಗೆ ನೀವು ಒಂದಕ್ಷರ ಬರೆದಿಲ್ಲ. ಬಿಪಿ ಏರಿಸುವುದು ಆ ಉಪ್ಪು. ಕಿಡ್ನಿ ಕೆಟ್ಟಾಗ ಸೋರುವ ಪ್ರೋಟೀನ್ ಆದ ಆಲ್ಬುಮಿನ್ ಮೂತ್ರದಲ್ಲಿ ಹೋಗುತ್ತಿದೆಯೇ ಎಂಬುದೂ ಪತ್ರದಲ್ಲಿಲ್ಲ. ಡಾಕ್ಟರರನ್ನು ಬದಲಿಸಬೇಡಿ, ಅದನ್ನು ಕೇಳಿ ಬನ್ನಿ.